ಹದಿನೇಳನೆಯ ಅಕ್ಷರದಿಂದ

ಈ ಊರಿನಲ್ಲಿ ಒಂದು ಮಾತನ್ನು ಎರಡು ಸಲ ಬರೆಯುವಂತಿಲ್ಲ. ಆಡುವುದಕ್ಕೆ ಅಡ್ಡಿಯಿಲ್ಲ, ಬೆಳಗಿನಿಂದ ಸಂಜೆಯ ತನಕ ಎಲ್ಲರೂ ಆಡಿದ್ದನ್ನೇ ಆಡುತ್ತಾರೆ. ಬರೆಯುವುದು ಮಾತ್ರ ಒಂದೇ ಸಲ, ಒಂದೇ ಕಡೆ. ಬರೆದದ್ದು ದಬ್ಬೆಮನೆಯಲ್ಲಿ, ಸೀಳಿದ ಬಿದಿರಿನ ದಬ್ಬೆಯ ಮೇಲೆ ಇರುತ್ತದೆ. ಮತ್ತೊಬ್ಬರಿಗೆ ಅದೇ ಮಾತು ಬೇಕಾದರೆ ಅದು ಯಾವ ಕೋಣೆ, ಯಾವ ಸಾಲು, ಎಷ್ಟನೆಯ ದಬ್ಬೆ ಎಂದು ಗೀರಿದ ಕರಟದ ಬಿಲ್ಲೆ ಕೊಡುತ್ತಾರೆ. ಬಿಲ್ಲೆ ಸಿಕ್ಕವರು ದಬ್ಬೆಮನೆಗೆ ಬಂದು ಓದಿಕೊಂಡು ಹೋಗಬೇಕು.

ಮದುವೆಯಾಗಿ ಬಂದ ಹೊಸದರಲ್ಲಿ, ಮನೆಗಳ ಬಾಗಿಲಿಗೆ ಹೆಸರಿನ ಬದಲು ಬಿಲ್ಲೆ ತೂಗುವುದನ್ನು ನೋಡಿ ದೃಷ್ಟಿಗೆ ಕಟ್ಟಿದ್ದಾರೆ ಅಂದುಕೊಂಡಿದ್ದೆ. ಪತ್ರವೆಂದರೆ ಇಲ್ಲಿ ದಾರಕ್ಕೆ ಪೋಣಿಸಿದ ಬಿಲ್ಲೆಗಳು. ಪ್ರೇಮಪತ್ರಗಳು ಕೊರಳಿಗೆ ಹಾಕಿಕೊಳ್ಳುವಷ್ಟು ಉದ್ದ ಇರುತ್ತವೆ. ಹುಡುಗಿಯರು ಹಾಕಿಕೊಂಡೇ ಓಡಾಡುತ್ತಾರೆ. ದಬ್ಬೆಮನೆಯ ತನಕ ನಡೆಯಲು ಸೋಮಾರಿಗಳಾದ ಅಪ್ಪಂದಿರು, ಸರ ಚೆನ್ನಾಗಿದೆ ಮಗಳೇ, ಅನ್ನುತ್ತಾರೆ. ತೀರಾ ಬಳಕೆಯ ಮಾತುಗಳು ಎಲ್ಲರಿಗೂ ಬಾಯಿಪಾಠ. ಎರಡು-ಒಂದು-ಒಂದು ಎಂದರೆ ಊಟ ಆಯ್ತಾ. ನಾಲ್ಕು-ಎಂಟು-ಮೂವತ್ತು ಎಂದರೆ ಮೇಷ್ಟರು ಕಿವಿ ಹಿಂಡುತ್ತಾರೆ.

ನಾನು ವಿಶ್ವವಿದ್ಯಾಲಯದಲ್ಲಿ ಭಾಷಾಶಾಸ್ತ್ರ ಓದಿದವಳು. ಅದನ್ನು ಕೇಳಿದ ಊರಿನವರು, ಭಾಷೆಯಲ್ಲಿ ಓದುವುದಕ್ಕೆ ಏನಿದೆ, ಎಣಿಸುವುದಕ್ಕೆ ಇದೆ ಅಷ್ಟೆ, ಅಂದರು.

ದಬ್ಬೆಮನೆಯಲ್ಲಿ ಮಾತುಗಳನ್ನು ಜೋಡಿಸಿರುವುದು ಕೊನೆಯ ಅಕ್ಷರದ ಲೆಕ್ಕದಲ್ಲಿ. ಡ ಎಂದು ಮುಗಿಯುವುದೆಲ್ಲ ಆರನೆಯ ಕೋಣೆ, ನಿ ಎಂದು ಮುಗಿಯುವುದೆಲ್ಲ ಎಂಟನೆಯದು. ಹೀಗೆ ಬಾಲದಿಂದ ಜೋಡಿಸಿದ್ದರಿಂದ ಒಂದು ಅನುಕೂಲವಿದೆ. ಯಾರಾದರೂ ಹೊಸ ಮಾತು ತಂದಾಗ ಅದು ಬೇರೆ ಯಾವುದಾದರೂ ಉದ್ದ ಮಾತಿನ ಬಾಲದಲ್ಲಿ ಮೊದಲೇ ಇದೆಯೇ ಎಂದು ಹುಡುಕಬಹುದು. ಇದ್ದರೆ ಹೊಸ ದಬ್ಬೆ ಬೇಕಿಲ್ಲ. ಬಿಲ್ಲೆಯ ಮೇಲೆ ಇನ್ನೊಂದು ಅಂಕಿ ಗೀರಿ, ಇಷ್ಟನೆಯ ಅಕ್ಷರದಿಂದ ಓದಿಕೊ, ಅನ್ನುತ್ತಾರೆ. ಓದಲು ಬಂದಾಗ ಅದಕ್ಕೂ ಮೊದಲಿನ ಭಾಗದ ಮೇಲೆ ಒಂದು ಬಟ್ಟೆ ಹಾಕಿ ಮುಚ್ಚುತ್ತಾರೆ. ಅದಕ್ಕೆ ಮುಸುಕು ಎಂದು ಹೆಸರು. ಮುಸುಕಿನ ಒಳಗಿನದು ಇನ್ನೊಬ್ಬರ ಮಾತು, ನೋಡುವಂತಿಲ್ಲ.

ಇದರಿಂದ ಆಗುವ ಅವಮಾನಗಳಿಗೂ ಊರು ಒಗ್ಗಿಕೊಂಡಿದೆ. ಒಬ್ಬ ದೊಡ್ಡ ಮನುಷ್ಯರು ಸತ್ಯವೇ ದೇವರು ಎಂದು ಬರೆಸಿ, ಬಿಲ್ಲೆಯನ್ನು ಹೆಬ್ಬಾಗಿಲಿಗೆ ತೂಗಿಸಿದ್ದರು. ಎರಡು ವರ್ಷದ ಮೇಲೆ ಯಾರೋ ಬಂದು, ನನ್ನ ಕೋಳಿ ಕದ್ದವನು ನೀನೇ, ನನಗೆ ಸತ್ಯವೇ ದೇವರು, ಎಂದು ಬರೆಸಿದ. ಚಿಕ್ಕದು ದೊಡ್ಡದರೊಳಗೆ ಸೇರಬೇಕಾದ್ದು ನಿಯಮ. ದೊಡ್ಡ ಮನುಷ್ಯರ ದಬ್ಬೆಯನ್ನು ಹೆರೆದು, ಅವರಿಗೆ ಕೋಳಿಯ ಹಿಂದೆ ಜಾಗ ಕೊಟ್ಟರು. ಮೂರು ದಿನ ಊಟ ಬಿಟ್ಟರಂತೆ. ನಾಲ್ಕನೆಯ ದಿನ ಕೋಳಿಸಾರು ಮಾಡಿಸಿದರಂತೆ.

ನನ್ನ ಗಂಡ ಇಂದುಧರ ದಬ್ಬೆಮನೆಗೆ ಬಿದಿರು ಆರಿಸುತ್ತಿದ್ದ. ಹೊಳೆಯಾಚೆಯ ಮೆಳೆಗಳಲ್ಲಿ ಬಲಿತ ಬಿದಿರು ಗುರುತು ಮಾಡುವುದು, ಹುಳ ಹಿಡಿದ ದಬ್ಬೆಗಳನ್ನು ಬದಲಾಯಿಸುವುದು ಅವನ ಕೆಲಸ. ಹಾಗಾಗಿ ಮುಸುಕಿಲ್ಲದೆ ಎಲ್ಲ ದಬ್ಬೆಗಳನ್ನೂ ನೋಡುತ್ತಿದ್ದವನು ಅವನೊಬ್ಬನೇ. ಒಂದು ದಬ್ಬೆಗೆ ಮೂರು ವರ್ಷದ ಬಿದಿರು ಬೇಕು, ನಾವು ಬರೆಸುವ ಮಾತಿಗೆ ಮೂರು ವರ್ಷದ ಯೋಗ್ಯತೆ ಇದೆಯಾ ನೋಡಿಕೊಳ್ಳಬೇಕು, ಅನ್ನುತ್ತಿದ್ದ. ಊರಿಗೆ ತನ್ನಿಂದ ಒಂದು ದಬ್ಬೆಯೂ ಖರ್ಚಾಗಬಾರದೆಂಬುದು ಅವನ ಪಣ. ನನಗೆ ಏನು ಹೇಳಬೇಕಾದರೂ ಯಾರದೋ ಬಾಲದಲ್ಲಿ ಹುಡುಕುತ್ತಿದ್ದ. ಬಾಗಿಲ ಪಕ್ಕದ ಮೊಳೆಗೆ ಬಿಲ್ಲೆ ಸಿಕ್ಕಿಸಿ ಕೆಲಸಕ್ಕೆ ಹೋಗುವನು. ನಾನು ದಬ್ಬೆಮನೆಗೆ ಹೋದರೆ ಮುಸುಕಿನ ಆಚೆ, ಎಷ್ಟು ಚೆಂದ, ಎಂದು ಕಾಣುತ್ತಿತ್ತು. ಸಂಜೆ ಬಂದಾಗ ಮುಸುಕಿನ ಒಳಗೆ ಏನಿತ್ತು ಎಂದು ಪೀಡಿಸುತ್ತಿದ್ದೆ. ಮಾದಪ್ಪನ ಎಮ್ಮೆ ದಬ್ಬೆ ಅದು, ಕೊಂಬು ನೋಡು ಎಷ್ಟು ಚೆಂದ, ಅನ್ನುತ್ತಿದ್ದ. ಎಮ್ಮೆಗೆ ಹೇಳಿದ್ದನ್ನು ನನಗೆ ಹೇಳುತ್ತೀಯಾ ಎಂದರೆ, ಎಮ್ಮೆಗೆ ಬರೀ ಕೊಂಬಿಗೆ ಹೇಳಿದ್ದು, ಅನ್ನುತ್ತಿದ್ದ.

ಅವನು ತೀರಿಹೋದ ಹಿಂದಿನ ಸಂಜೆ ನಾನು ಒಂದು ಮಾತು ಕೇಳಿದ್ದೆ. ದಬ್ಬೆಮನೆಯಲ್ಲಿ ಕೆಲಸ ಖಾಲಿಯಿದೆಯಂತೆ, ಸೇರಲಾ ಎಂದು. ಅವನು ಊಟ ಮಾಡುತ್ತಿದ್ದ. ತಟ್ಟೆ ಬಳಿದು, ಎರಡು ಲೋಟ ನೀರು ಕುಡಿದು, ಸಾರು ಬಹಳ ಚೆನ್ನಾಗಿತ್ತು, ಕೆಲಸದ ವಿಷಯ ಬೆಳಿಗ್ಗೆ ಹೇಳ್ತೀನಿ, ಅಂದ. ಬೆಳಿಗ್ಗೆ ನಾನು ಬಾವಿಕಟ್ಟೆಯಿಂದ ಬರುವಷ್ಟರಲ್ಲಿ ದಬ್ಬೆಮನೆಗೆ ಹೋಗಿ ಬಂದು, ಮೊಳೆಗೆ ಬಿಲ್ಲೆ ಸಿಕ್ಕಿಸಿ, ಹೊಳೆ ದಾಟಿದ್ದ. ಮೆಳೆಯಲ್ಲಿ ಹಾವಿತ್ತು. ಮಧ್ಯಾಹ್ನ ನಾಲ್ಕು ಜನ ಹೊತ್ತುಕೊಂಡು ಬಂದರು.

ಹದಿಮೂರು ದಿನ ಕಳೆದ ಮೇಲೆ ಬಿಲ್ಲೆ ತೆಗೆದುಕೊಂಡು ಹೋದೆ. ಆರು-ನಲವತ್ತು-ಒಂಬತ್ತು, ಹದಿನೇಳನೆಯ ಅಕ್ಷರದಿಂದ. ಓದಿಸುವ ಕಿಟಕಿಯಲ್ಲಿ ಪಾರುಪತ್ತೇಗಾರ ಅಳಸಿಂಗರಯ್ಯನವರೇ ಕೂತಿದ್ದರು. ದಬ್ಬೆ ತರಿಸಿ, ಬೆರಳಿನಿಂದ ಎಣಿಸಿ, ಮುಸುಕು ಹಾಕಿ ನನ್ನ ಕಡೆ ತಿರುಗಿಸಿದರು. ಎರಡು ಅಕ್ಷರ ಇತ್ತು. ಬೇಡ.

ಅದಾದ ಮೇಲೆ ನನಗೆ ಅಳು ಬರಲಿಲ್ಲ. ಏನೂ ಬರಲಿಲ್ಲ. ಕಾಲು ಮಡಿಸಿ ಬಹಳ ಹೊತ್ತು ಕೂತಾಗ ಜೋಮು ಹಿಡಿಯುತ್ತದಲ್ಲ, ಇಡೀ ಮೈ ಹಾಗಾಯಿತು. ಯಾರು ಏನು ಕೇಳಿದರೂ ಬಾಯಿಗೆ ಅದೊಂದೇ ಮಾತು ಬರುತ್ತಿತ್ತು. ಕಾಫಿ? ಬೇಡ. ತವರಿಗೆ ಹೋಗಿ ಬರ್ತೀಯಾ? ಬೇಡ. ಎದುರಿಗೆ ಖಾನಾವಳಿ ನಡೆಸುವ ಸಂಕಮ್ಮ ದಿನವೂ ಮಧ್ಯಾಹ್ನ ಬಾಗಿಲಿಗೆ ಬಂದು, ಒಂದು ತುತ್ತು ಉಂಡು ಬಾರೇ, ಅನ್ನುತ್ತಿದ್ದರು. ದಿನವೂ ಬೇಡ ಅಂದೆ. ಒಂಬತ್ತು ತಿಂಗಳು ಅವರೂ ಬಿಡಲಿಲ್ಲ, ನಾನೂ ಬಿಡಲಿಲ್ಲ.

ದಬ್ಬೆಮನೆಯ ಕೆಲಸಕ್ಕೆ ಮಾತ್ರ ಹೂಂ ಅಂದೆ. ಅವನು ಬೇಡ ಅಂದಿದ್ದ ಒಂದೇ ಒಂದಕ್ಕೆ. ಅಳಸಿಂಗರಯ್ಯನವರು ಮೂರು ಸಲ ಹೇಳಿಕಳಿಸಿದ್ದರು; ಎರಡು ಸಲ ಒಲ್ಲೆ ಅಂದಿದ್ದೆ. ಮೂರನೆಯ ಸಲ ಒಂದು ಯೋಚನೆ ಬಂತು. ಬೇಡ ಎನ್ನುವುದಕ್ಕೆ ಆರನೆಯ ಕೋಣೆಯಲ್ಲಿ ಮುನ್ನೂರಕ್ಕೂ ಹೆಚ್ಚು ಬಾಲಗಳಿವೆ. ಅವನು ಯಾವ ಬಾಲವನ್ನೂ ಸುಮ್ಮನೆ ಆರಿಸಿದವನಲ್ಲ. ಅದರ ಮೊದಲು ಏನಿದೆ ಎಂದು ತಿಳಿದರೆ ಎಂಥ ಬೇಡ ಅದು ಎಂದು ತಿಳಿಯುತ್ತದೆ. ಸಿಟ್ಟಿನದೋ, ತಮಾಷೆಯದೋ. ಒಳಗೆ ಸೇರಿಕೊಂಡರೆ ಎಂದಾದರೂ ಮುಸುಕು ಎತ್ತಬಹುದು.

ಸೇರಿದ ದಿನವೇ ಗೊತ್ತಾಯಿತು: ತಮ್ಮ ಬಿಲ್ಲೆ ಇರುವ ದಬ್ಬೆಯನ್ನು ದಬ್ಬೆಮನೆಯವರು ತಾವೇ ಮುಟ್ಟುವಂತಿಲ್ಲ. ಆರನೆಯ ಕೋಣೆಯ ನಲವತ್ತನೆಯ ಸಾಲಿನ ಹತ್ತಿರ ಹೋದಾಗಲೆಲ್ಲ ನಾನು ಕಣ್ಣು ಕೆಳಗೆ ಮಾಡಿ ನಡೆಯುತ್ತಿದ್ದೆ. ಬಿಲ್ಲೆ ಸೆರಗಿನ ಗಂಟಿನಲ್ಲಿತ್ತು. ಯಾರಿಗೂ ತೋರಿಸಿರಲಿಲ್ಲ.

ದಬ್ಬೆಮನೆಗೆ ಮೂರು ಕಿಟಕಿ. ಬರೆಸುವ ಕಿಟಕಿಯಲ್ಲಿ ಮಾಳವ್ವ. ಮೂವತ್ತು ವರ್ಷದಿಂದ ದಬ್ಬೆ ಕೊರೆದು ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು. ಓದಿಸುವ ಕಿಟಕಿಯಲ್ಲಿ ಅಳಸಿಂಗರಯ್ಯನವರು. ನನಗೆ ಕೊಟ್ಟದ್ದು ಅಳಿಸುವ ಕಿಟಕಿ. ತಮ್ಮ ಮಾತು ತಮಗಿನ್ನು ಬೇಡ ಎನ್ನುವವರು ಅಲ್ಲಿಗೆ ಬಂದು, ಪೂರ್ತಿ ಮಾತನ್ನು ಒಂದು ಸಲ ಗಟ್ಟಿಯಾಗಿ ಹೇಳಿ, ಬಿಲ್ಲೆ ಒಪ್ಪಿಸಬೇಕು. ನಾನು ದಬ್ಬೆ ತೆಗೆದು ಹೆರೆಯಬೇಕು. ಬಾಲದಲ್ಲಿ ಯಾರಾದರೂ ಇದ್ದರೆ ದಬ್ಬೆಯ ಬೆನ್ನಿಗೆ ಕಚ್ಚು ಹಾಕಿರುತ್ತಾರೆ. ಅವರನ್ನು ಕರೆಸಿ, ಬೇರೆ ದಬ್ಬೆಯ ಬಾಲದಲ್ಲಿ ಜಾಗ ನೋಡಿ, ಹೊಸ ಬಿಲ್ಲೆ ಕೊಡಬೇಕು. ಗಂಡ ಸತ್ತವಳಿಗೆ ಅಳಿಸುವ ಕಿಟಕಿ ಕೊಟ್ಟರಲ್ಲ ಎಂದು ಊರು ಆಡಿಕೊಂಡಿತು. ನನಗೆ ಏನೂ ಅನ್ನಿಸಲಿಲ್ಲ. ಆ ಕೆಲಸಕ್ಕೆ ಏನೂ ಅನ್ನಿಸದವರೇ ಸರಿ.

ಸೇರಿದ ಎರಡನೆಯ ತಿಂಗಳಲ್ಲಿ ಒಬ್ಬ ಅಜ್ಜ ಬಂದಿದ್ದ. ಅವನ ತೀರಿಕೊಂಡ ಹೆಂಡತಿ ಬರೆಸಿದ್ದ ಬೇಗ ಬಾ ಎಂಬ ಮಾತನ್ನು ಬೇರೆ ದಬ್ಬೆಗೆ ಸಾಗಿಸಬೇಕಾಗಿತ್ತು. ಅಜ್ಜ ಒಪ್ಪಲೊಲ್ಲ. ಅಕ್ಷರ ಅವೇ, ಅರ್ಥ ಅದೇ, ಬಿದಿರು ಬೇರೆ ಅಷ್ಟೆ ಅಜ್ಜಾ, ಎಂದು ಸಮಾಧಾನ ಹೇಳಿದ್ದೆ. ಅಜ್ಜ ನನ್ನ ಮುಖವನ್ನು ನೋಡಿ, ಇನ್ನೂ ಚಿಕ್ಕವಳು, ಅಂದು ಹೊಸ ಬಿಲ್ಲೆ ತೆಗೆದುಕೊಂಡು ಹೋಗಿದ್ದ.

ಕೆಲಸ ಕಮ್ಮಿ ಇರುವಾಗ ಮಾಳವ್ವ ಹಳೆಯ ಕಥೆ ಹೇಳುತ್ತಿದ್ದರು. ಅವರ ಅಚ್ಚುಮೆಚ್ಚಿನ ಕಥೆ ಒತ್ತಿನ ಜಗಳದ್ದು. ಒತ್ತಕ್ಷರವನ್ನು ಒಂದು ಎಂದು ಎಣಿಸಬೇಕೋ ಎರಡೋ? ಅಕ್ಕ ಎಂದರೆ ಎರಡು ಅಕ್ಷರವೋ ಮೂರೋ? ಮಾಳವ್ವ ಮೊದಲಿನಿಂದಲೂ ಮೂರು ಎನ್ನುವ ಪಂಗಡ. ಪಾರುಪತ್ತೇಗಾರರು ಒಂದು ದಿನ ಇದ್ದಕ್ಕಿದ್ದಂತೆ ಎರಡು ಎಂದು ಅಪ್ಪಣೆ ಹೊರಡಿಸಿದರು. ಮಾಳವ್ವ ಕೇಳಿಸಿಕೊಂಡರು, ಪಾಲಿಸಲಿಲ್ಲ. ನಾಲ್ಕು ದಿನ ಬರೆಸುವ ಕಿಟಕಿಯಲ್ಲಿ ಒಂದು ಎಣಿಕೆ, ಓದಿಸುವ ಕಿಟಕಿಯಲ್ಲಿ ಇನ್ನೊಂದು. ಅಕ್ಕಾ ಚೆನ್ನಾಗಿದ್ದೀರಾ ಎಂಬ ದಬ್ಬೆಯ ಬಾಲದಿಂದ ಚೆನ್ನಾಗಿದ್ದೀರಾ ಎಂದು ಕೇಳಿದವರ ಮಾತು, ನ್ನಾಗಿದ್ದೀರಾ ಆಗಿ ತಲುಪಿತು. ಊರೆಲ್ಲ ಅರ್ಧಂಬರ್ಧ ಮಾತು ಹಿಡಿದುಕೊಂಡು ಬಂದು ಗಲಾಟೆ ಮಾಡಿದರು. ಬಂದ ಬಿಲ್ಲೆಗಳನ್ನೆಲ್ಲ ತಿದ್ದಿಕೊಟ್ಟು, ಐದನೆಯ ದಿನ ಮಾಳವ್ವ ಸೋತರು. ಇದೆಲ್ಲ ನಾನು ಸೇರುವ ಮೊದಲು ಮುಗಿದಿತ್ತು. ಯಾವಾಗ ನಡೆದದ್ದು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಎಷ್ಟೋ ತಿಂಗಳು ಉಳಿಯುತ್ತಿತ್ತು.

ಹಬ್ಬಕ್ಕೆ ಎರಡು ದಿನ ಇರುವಾಗ, ಬೆಳಿಗ್ಗೆ ಕಿಟಕಿ ತೆರೆಯುತ್ತಲೇ ಸಂಕಮ್ಮ ಬಂದರು. ಸೆರಗಿನಲ್ಲಿ ಕೊತ್ತಂಬರಿಯ ವಾಸನೆ. ಊಟಕ್ಕೆ ಕರೆಯಲು ಇಲ್ಲಿಗೂ ಬಂದರಾ ಅಂದುಕೊಂಡೆ.

"ಬ್ಯಾಡ ಅನ್ಬ್ಯಾಡ, ಇವತ್ತು ಕರೆಯೋಕೆ ಬಂದಿಲ್ಲ" ಅಂದರು. "ಒಂದು ಮಾತು ಅಳಿಸ್ಬೇಕಾಗಿತ್ತು."

ಅವರ ಖಾನಾವಳಿಯ ಒಲೆಯ ಮೇಲೆ ಹತ್ತಾರು ಬಿಲ್ಲೆಗಳು ತೂಗುತ್ತವೆ. ಅಡುಗೆಯವರು ಬದಲಾಗುತ್ತಿದ್ದರೂ ಸಂಕಮ್ಮನ ಕೈರುಚಿ ಬದಲಾಗಬಾರದೆಂದು ಬರೆಸಿಟ್ಟ ಮಾತುಗಳು ಅವು. ಅದರಲ್ಲಿ ಒಂದು ಅವರ ಚಿಕ್ಕಪ್ಪನದು. ಚಿಕ್ಕಪ್ಪ ವರ್ಷಕ್ಕೊಮ್ಮೆ ಹಬ್ಬಕ್ಕೆ ಬರುತ್ತಾರೆ. ಎದೆಯುರಿ ಇದ್ದವರು. ಈ ಸಲ ಮೊದಲೇ ಹೇಳಿಕಳಿಸಿದ್ದಾರಂತೆ.

"ವಯಸ್ಸಾಯ್ತಲ್ಲ, ನಾಲಗೆಗೆ ಜೋಮು ಹಿಡಿದಿದೆಯಂತೆ. ಯಾವ ರುಚೀನೂ ಹತ್ತಲ್ವಂತೆ. ಹುಳಿ ಸುರಿದಾದ್ರೂ ಎಬ್ಸವ್ವಾ ಅಂತಾರೆ. ಈ ಬಿಲ್ಲೆ ತಗಂಡು ನಾನೇನು ಮಾಡ್ಲಿ?"

ಬಿಲ್ಲೆ ಕಟ್ಟೆಯ ಮೇಲೆ ಇಟ್ಟರು. ಆರು-ನಲವತ್ತು-ಒಂಬತ್ತು. ಅಕ್ಷರದ ಅಂಕಿ ಇರಲಿಲ್ಲ. ಪೂರ್ತಿ ದಬ್ಬೆ ಅವರದೇ.

ನಾನು ಬಿಲ್ಲೆಯನ್ನು ನೋಡುತ್ತಾ ಕೂತೆ. ನಿಯ್ಮ ನನಗೂ ಗೊತ್ತು, ಪೂರ್ತಿ ಹೇಳ್ಬೇಕಲ್ವಾ, ಎಂದು ಸಂಕಮ್ಮ ಗಂಟಲು ಸರಿಮಾಡಿಕೊಂಡು, ಪಾಠ ಒಪ್ಪಿಸುವವರಂತೆ ಕೈಕಟ್ಟಿ ಹೇಳಿದರು: "ಹಬ್ಬಕ್ಕೆ ಚಿಕ್ಕಪ್ಪ ಬಂದರೆ ಸಾರಿಗೆ ಹುಳಿ ಜಾಸ್ತಿ ಬೇಡ."

ಒಂಬತ್ತು ತಿಂಗಳು ನಾನು ಎತ್ತಲಾಗದ ಮುಸುಕು ಅಷ್ಟೇ ಆಗಿತ್ತು. ಒಂದು ಸಾರು, ಒಬ್ಬ ಚಿಕ್ಕಪ್ಪ.

ದಬ್ಬೆಯನ್ನು ನಾನು ಮುಟ್ಟುವಂತಿಲ್ಲವಾದ್ದರಿಂದ ಅಳಸಿಂಗರಯ್ಯನವರನ್ನು ಕರೆದೆ. ಯಾಕೆ ಎಂದು ಹೇಳಬೇಕಾಯಿತು. ಸೆರಗಿನ ಗಂಟು ಬಿಚ್ಚಿ ನನ್ನ ಬಿಲ್ಲೆಯನ್ನು ಸಂಕಮ್ಮನದರ ಪಕ್ಕದಲ್ಲಿಟ್ಟೆ. ಅವರು ಎರಡನ್ನೂ ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ದಬ್ಬೆ ತಂದರು. ಬೆನ್ನಿನಲ್ಲಿ ಒಂದೇ ಕಚ್ಚು. ಅದು ನಾನು.

ಯೋಚನೆ ಮಾಡುವಂಥದ್ದೇನಿಲ್ಲ ಅಮ್ಮಾ, ಎಂದು ಅವರು ಮೆಲ್ಲಗೆ ಹೇಳಿದರು. ಬೇಡ ಎನ್ನುವುದಕ್ಕೆ ಬಾಲಗಳಿಗೇನು ಬರ, ಒಳ್ಳೆಯದೊಂದು ನೋಡಿ ಕೊಡೋಣ. ನಿಜವಾಗಿಯೂ ಒಳಗೆ ಹೋಗಿ ಒಂದು ಕಂತೆ ದಬ್ಬೆ ಹಿಡಿದುಕೊಂಡು ಬಂದರು. ಗೋಡೆಗೆ ಒರಗಬೇಡ ಇತ್ತು. ಕರುವಿಗೆ ಬಿಟ್ಟ ಹಾಲು ನನಗೆ ಬೇಡ ಇತ್ತು. ಇದು ಬಹಳ ಗೌರವಸ್ಥರ ದಬ್ಬೆ ಎಂದು, ಬಾಡಿಗೆಯವನೇ ಬಚ್ಚಲಲ್ಲಿ ಹಾಡಬೇಡ ಎಂಬುದನ್ನು ಮುಂದೆ ಮಾಡಿದರು.

ನಾನು ಬಾಯಿ ಬಿಟ್ಟಾಗ ಬಂದ ದನಿ ನನ್ನದೇ ಎನ್ನಿಸಲಿಲ್ಲ. ಈ ದಬ್ಬೆಯನ್ನು ಹೆರೆಯಕೂಡದು, ಅಂದೆ. ಅಕ್ಷರ ಅವೇ ಅಲ್ಲವೇನಮ್ಮಾ, ನೀನೇ ಎಷ್ಟು ಜನಕ್ಕೆ ಹೇಳಿದ್ದೀಯ, ಅಂದರು. ಹೇಳಿದ್ದೆ. ಅಜ್ಜನಿಗೂ ಹೇಳಿದ್ದೆ. ಅವನು ನನ್ನ ಮುಖದಲ್ಲಿ ಏನು ನೋಡಿದ್ದ ಎಂದು ಆಗ ಗೊತ್ತಾಯಿತು. ಅಕ್ಷರ ಅವೇ ಇರಬಹುದು; ಆದರೆ ಒಂದು ಬೆಳಿಗ್ಗೆ ಇಂದುಧರ ಸಾವಿರ ದಬ್ಬೆಗಳ ನಡುವೆ ನಡೆದುಬಂದು ನಿಂತದ್ದು ಈ ದಬ್ಬೆಯ ಮುಂದೆ. ಇದನ್ನು ಹೆರೆದರೆ ಅವನು ನಿಂತ ಜಾಗವೂ ಹೋಗುತ್ತದೆ.

ಸಂಕಮ್ಮ ಕಕ್ಕಾಬಿಕ್ಕಿಯಾಗಿ, ಇರ್ಲಿ ಬಿಡಿ, ಚಿಕ್ಕಪ್ಪನಿಗೆ ಸಪ್ಪೆ ಸಾರೇ ಬಡಿಸ್ತೀನಿ, ಎನ್ನತೊಡಗಿದರು. ಅಷ್ಟರಲ್ಲಿ ಗಲಾಟೆ ಕೇಳಿ ಮಾಳವ್ವ ಕೊರೆಯುವ ಉಳಿಯನ್ನು ತುರುಬಿಗೆ ಸಿಕ್ಕಿಸಿಕೊಂಡು ತಮ್ಮ ಕಿಟಕಿಯಿಂದ ಎದ್ದುಬಂದರು. ನನ್ನ ಬಿಲ್ಲೆಯನ್ನು ಎತ್ತಿ ಬೆಳಕಿಗೆ ಹಿಡಿದರು.

"ಇದು ನನ್ನ ಕೈಯಿ" ಅಂದರು. "ಯಾವತ್ತು ಕೊಟ್ಟಿದ್ದು ಇದು?"

ಅವನು ತೀರಿಕೊಂಡ ದಿನ, ಬೆಳಿಗ್ಗೆ, ಅಂದೆ.

ಮಾಳವ್ವ ಬೆರಳು ಮಡಿಸಿ ಲೆಕ್ಕ ಹಾಕಿದರು. ಅವರ ಮುಖ ನಿಧಾನವಾಗಿ ಬದಲಾಯಿತು. "ಅಯ್ಯೋ ಮಗಾ. ಅದು ಒತ್ತಿನ ಜಗಳದ ಎರಡನೇ ದಿನ ಕಣವ್ವಾ."

ಮಾಳವ್ವ ದಬ್ಬೆಯನ್ನು ಎಳೆದುಕೊಂಡು, ಚಪ್ಪಟೆ ಹೆಬ್ಬೆರಳನ್ನು ಮೊದಲ ಅಕ್ಷರದ ಮೇಲಿಟ್ಟರು. "ಹ. ಬ, ಅದರ ಒತ್ತು. ಕೆ, ಅದರ ಒತ್ತು. ಐದಾಯ್ತು. ಚಿ. ಕ, ಒತ್ತು. ಪ, ಒತ್ತು. ಹತ್ತು. ಬಂದರೆ, ಹದಿಮೂರು. ಸಾರಿಗೆ, ಹದಿನಾರು." ಹೆಬ್ಬೆರಳು ನಿಂತಿತು. "ಹದಿನೇಳು, ಹು."

ಅಳಸಿಂಗರಯ್ಯನವರು ಒಪ್ಪಲಿಲ್ಲ. ಹಬ್ಬಕ್ಕೆ ಮೂರು, ಚಿಕ್ಕಪ್ಪ ಆರು, ಬಂದರೆ ಒಂಬತ್ತು, ಸಾರಿಗೆ ಹನ್ನೆರಡು, ಹುಳಿ ಹದಿನಾಲ್ಕು, ಜಾಸ್ತಿ ಹದಿನಾರು, ಹದಿನೇಳಕ್ಕೆ ಬೇ, ಎಂದು ತಾವೂ ಎಣಿಸಿ ತೋರಿಸಿದರು. ಉಸಿರು ಬಿಡುವುದು ಒಂದೇ ಸಲವಾದ್ದರಿಂದ ಒತ್ತಕ್ಷರ ಒಂದೇ ಅಕ್ಷರ ಎಂದು ಮತ್ತೆ ಶುರು ಮಾಡಿದರು. "ಉಸಿರು ಬಿಡೋರು ನೀವು, ಕೊರೆಯೋಳು ನಾನು" ಅಂದರು ಮಾಳವ್ವ. "ಪೆಟ್ಟು ಬಿದ್ದಿದ್ದೆಲ್ಲ ಅಕ್ಷರ. ಕೊಟ್ಟೋಳು ನಾನು, ನನ್ನ ಎಣಿಕೇಲಿ ಓದಿ. ಮಿಕ್ಕಿದ್ದೆಲ್ಲ ಮುರಿದ ಮಾತಾಗಿ ವಾಪಸ್ ಬಂದ್ವು. ಇದೊಂದು ಮುರಿದ್ರೂ ಇಡೀ ಮಾತಿನ ಹಂಗೇ ಕಾಣ್ತು, ಅದಕ್ಕೇ ಬರ್ಲಿಲ್ಲ."

ಅವರಿಬ್ಬರ ನಡುವೆ ಒಂಬತ್ತು ತಿಂಗಳ ಹಿಂದಿನ ಜಗಳ ಬಿಟ್ಟಲ್ಲಿಂದ ಮುಂದುವರಿಯಿತು. ನಾನು ಕೇಳಿಸಿಕೊಳ್ಳುತ್ತಿರಲಿಲ್ಲ. ಹುಳಿ ಜಾಸ್ತಿ ಬೇಡ. ನನ್ನ ತವರಿನ ಕಡೆ ಸಾರು ಎಂದರೆ ಹುಣಸೆಹಣ್ಣಿನ ನೀರು. ಬೇಳೆ, ಉಪ್ಪು, ಒಗ್ಗರಣೆ ಎಲ್ಲ ಅದರ ಮನೆಗೆ ಬಂದ ನೆಂಟರು. ಮದುವೆಯಾದ ದಿನದಿಂದ ಹಾಗೇ ಮಾಡುತ್ತಿದ್ದೆ. ಅವನು ದಿನವೂ ತಟ್ಟೆ ಬಳಿಯುತ್ತಿದ್ದ. ದಿನವೂ ಎರಡು ಲೋಟ ನೀರು ಕುಡಿಯುತ್ತಿದ್ದ. ದಿನವೂ ಬಹಳ ಚೆನ್ನಾಗಿತ್ತು ಅನ್ನುತ್ತಿದ್ದ. ಎದುರಿಗೆ ಹೇಳಲು ಬಾಯಿ ಬಾರದೆ, ಎಷ್ಟು ದಿನದಿಂದ ಈ ಬಾಲವನ್ನು ನೋಡಿಟ್ಟುಕೊಂಡಿದ್ದನೋ. ಆ ಬೆಳಿಗ್ಗೆ ಧೈರ್ಯ ಮಾಡಿ ಮೊಳೆಗೆ ಸಿಕ್ಕಿಸಿ, ನಾನು ಬಾವಿಕಟ್ಟೆಯಿಂದ ಬರುವ ಮೊದಲೇ ಓಡಿಹೋಗಿದ್ದ. ಕಳ್ಳ.

ಮೊದಲು ಬಂದದ್ದು ನಗು. ಅದು ಎಲ್ಲಿ ಇನ್ನೊಂದಾಯಿತೋ ಗೊತ್ತಾಗಲಿಲ್ಲ. ಸಂಕಮ್ಮ ಕಿಟಕಿಯಿಂದಲೇ ಕೈ ತೂರಿಸಿ ನನ್ನ ತಲೆಯನ್ನು ಹಿಡಿದುಕೊಂಡರು. ಜೋಮು ಬಿಡುವಾಗ ಕಾಲಿಗೆ ಸೂಜಿ ಚುಚ್ಚಿದ ಹಾಗಾಗುತ್ತದಲ್ಲ, ಮೈಯೆಲ್ಲ ಹಾಗಾಗುತ್ತಿತ್ತು.

ಅಳಸಿಂಗರಯ್ಯನವರು ಜಗಳ ಬಿಟ್ಟು ದಬ್ಬೆಯನ್ನು ಇನ್ನೊಮ್ಮೆ ನೋಡಿ, ಹಾಗಾದರೆ ಇನ್ನೊಂದು ತೊಡಕಿದೆ, ಅಂದರು. ಬೇಡ ಎನ್ನುವುದಕ್ಕೆ ಬಾಲಗಳು ನೂರಾರು. ಹುಳಿ ಜಾಸ್ತಿ ಬೇಡ ಎಂದು ಮುಗಿಯುವ ದಬ್ಬೆ ಊರಿನಲ್ಲಿ ಇದೊಂದೇ. ಸಂಕಮ್ಮ ಅಳಿಸುವುದಾದರೆ ಇಂದುಧರನ ಮಾತಿಗೆ ಅಂತಲೇ ಒಂದು ಹೊಸ ದಬ್ಬೆ ಕೊರೆಯಬೇಕು. ಅವರು ಅದನ್ನು ಬೇಸರದಿಂದ ಹೇಳಿದರು. ಅವನ ಪಣ ಅವರಿಗೂ ಗೊತ್ತಿತ್ತು.

ನಾನು ಮುಖ ಒರೆಸಿಕೊಂಡು, ಅವನ ಮಾತು ನನ್ನ ಮಾತಿನ ಬಾಲದಲ್ಲಿರಲಿ ಎಂದು ಒಂದು ಬಳಪ ಕೇಳಿದೆ. ಹಲಗೆಯ ಮೇಲೆ ಬರೆದೆ, ಅಳಿಸಿದೆ, ಬೆರಳು ಮಡಿಸಿ ಎಣಿಸಿದೆ, ಮತ್ತೆ ಬರೆದೆ. ಅವನು ಹೋದಮೇಲೆ ನಾನು ಬರೆದ ಮೊದಲ ಮಾತು ಅದು. ಬರೆಯುವುದು ಸುಲಭವಾಗಿರಲಿಲ್ಲ. ಯಾಕೆಂದರೆ ಅದರ ಮುಂಭಾಗದಲ್ಲಿ ಎಲ್ಲೂ ಒತ್ತು ಬರಕೂಡದು ಎಂದು ನಿರ್ಧರಿಸಿದ್ದೆ. ಇನ್ನು ಮುಂದೆ ಯಾರು ಹೇಗೆ ಎಣಿಸಿದರೂ ಅವನ ಮಾತು ಒಂದೇ ಕಡೆಯಿಂದ ಶುರುವಾಗಬೇಕು. ಪ್ರಯತ್ನಿಸಿದಾಗಲೇ ತಿಳಿದದ್ದು, ಈ ಭಾಷೆಯಲ್ಲಿ ಒತ್ತಿಲ್ಲದೆ ನೆಂಟರನ್ನು ಕರೆಯುವುದೇ ಕಷ್ಟ. ಅಪ್ಪ, ಅಮ್ಮ, ಅಕ್ಕ, ಅಣ್ಣ, ತಮ್ಮ, ಅತ್ತೆ, ಅಜ್ಜಿ, ಎಲ್ಲರೂ ಒತ್ತು ಹೊತ್ತವರು. ಸಂಕಮ್ಮನ ಹೆಸರನ್ನೂ ಬಿಡಬೇಕಾಯಿತು. ಗಂಡ ಎನ್ನುವುದಕ್ಕೆ ಒತ್ತಿಲ್ಲ. ಅವನು ಹಗುರ.

ಹಲಗೆಯನ್ನು ಮಾಳವ್ವನ ಕಡೆ ತಿರುಗಿಸಿದೆ. "ಈ ದಿನ ಊಟ ಮಾಡಲು ನಾನೂ ಬರುವೆ, ಸಾರಿಗೆ ಹುಳಿ ಜಾಸ್ತಿ ಬೇಡ."

ಮಾಳವ್ವ ತಮ್ಮ ರೀತಿಯಲ್ಲಿ ಎಣಿಸಿದರು. ಹದಿನೇಳು, ಹು. ಅಳಸಿಂಗರಯ್ಯನವರು ತಮ್ಮ ರೀತಿಯಲ್ಲಿ ಎಣಿಸಿದರು. ಹದಿನೇಳು, ಹು. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಅವರು ಒಂದು ಎಣಿಕೆಗೆ ಒಪ್ಪಿದ್ದು ಆ ವರ್ಷದಲ್ಲಿ ಅದೇ ಮೊದಲು.

ಹೊಸ ಬಿದಿರೂ ಬೇಕಾಗಲಿಲ್ಲ. ಸಂಕಮ್ಮನ ದಬ್ಬೆಯಲ್ಲಿ ಬಂದರೆ ಎನ್ನುವ ತನಕ ಮಾತ್ರ ಹೆರೆದು, ಸಾರಿಗೆಯಿಂದ ಮುಂದೆ ಇದ್ದದ್ದನ್ನು ಇದ್ದ ಹಾಗೇ ಉಳಿಸಿಕೊಂಡರಾಯಿತು. ನಾನು ಮುಟ್ಟುವಂತಿರಲಿಲ್ಲ, ಮಾಳವ್ವನೇ ಹೆರೆದರು, ಮಾಳವ್ವನೇ ಕೊರೆದರು. ಅವನು ಬೆರಳಿಟ್ಟು ಎಣಿಸಿರಬಹುದಾದ ಅಕ್ಷರಗಳ ಮೇಲೆ ಉಳಿ ತಾಗದ ಹಾಗೆ ಎಡಗೈ ಅಡ್ಡ ಇಟ್ಟುಕೊಂಡು ಕೊರೆದರು. ಮುಗಿದ ಮೇಲೆ ಪುಡಿಯನ್ನು ಊದಿ, "ನನ್ನ ಎಣಿಕೆಗೆ ಹದಿಮೂರು ಹೋಗಿ ಹದಿಮೂರು ಬಂತು. ಪಾರುಪತ್ತೇಗಾರರ ಲೆಕ್ಕಕ್ಕೆ ಒಂಬತ್ತರ ಜಾಗದಾಗೆ ಹದಿಮೂರು ಹೆಂಗೆ ಕೂತ್ವೋ ಅವ್ರನ್ನೇ ಕೇಳು" ಅಂದರು. ಅಳಸಿಂಗರಯ್ಯನವರು ಕೇಳಿಸದವರಂತೆ ದಬ್ಬೆಯನ್ನು ಒಯ್ದು ನಲವತ್ತನೆಯ ಸಾಲಿನ ಒಂಬತ್ತನೆಯ ಜಾಗಕ್ಕೆ ಸೇರಿಸಿದರು. ಇಂದುಧರನ ಬಿಲ್ಲೆಯಲ್ಲಿ ಒಂದು ಅಂಕಿಯನ್ನೂ ತಿದ್ದಬೇಕಾಗಲಿಲ್ಲ. ಅದನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡೆ.

ಹೊಸ ಮಾತಿನ ಬಿಲ್ಲೆಯನ್ನು ಸಂಕಮ್ಮನಿಗೆ ಕೊಟ್ಟೆ. ಅವರು ಅದನ್ನು ನೋಡಿ, ನಾನು ತಂದಿದ್ದೂ ಇದೇ ಅಂಕಿ, ಒಯ್ತಾ ಇರೋದೂ ಇದೇ ಅಂಕಿ, ಅಂದರು. ಅಡುಗೆಯವನಿಗೆ ಏನಂತ ಹೇಳ್ಲಿ, ಎಂದು ಗೊಣಗುತ್ತಾ ಹೋದರು.

ಕೆಲಸದ ಮಾತಿಗೆ ಅವನ ಉತ್ತರ ಏನಿತ್ತೋ ಅದು ಯಾವ ದಬ್ಬೆಯಲ್ಲೂ ಇಲ್ಲ. ಸಂಜೆ ಬಂದು ಹೇಳೋಣ ಅಂದುಕೊಂಡಿರಬೇಕು. ಆ ಮಧ್ಯಾಹ್ನ ಕಿಟಕಿ ಮುಚ್ಚುವಾಗ, ನಾಳೆಯೂ ತೆರೆಯಬಹುದು ಅನ್ನಿಸಿತು.

ಖಾನಾವಳಿಯಲ್ಲಿ ಚಿಕ್ಕಪ್ಪ ಎರಡು ದಿನ ಮೊದಲೇ ಬಂದು ಕೂತಿದ್ದರು. ಒಲೆಯ ಮೇಲೆ ಎರಡು ಪಾತ್ರೆ. ಅವರ ಸಾರಿನ ವಾಸನೆಗೇ ನನ್ನ ಹಲ್ಲು ಚುಳ್ಳೆಂದಿತು, ತವರಿನ ವಾಸನೆ. ಅವರು ಸುರಿದು ಉಂಡು, ಇನ್ನೂ ಏನೂ ಹತ್ತಲಿಲ್ಲ, ಹುಣಸೆಹಣ್ಣು ಈ ಊರಲ್ಲಿ ಬೆಳೆಯಲ್ವಾ, ಎಂದು ಸಂಕಮ್ಮನನ್ನು ಕೇಳುತ್ತಿದ್ದರು. ನನ್ನ ಎಲೆಗೆ ಇನ್ನೊಂದು ಪಾತ್ರೆಯಿಂದ ಬಿತ್ತು. ಕಲಸಿ ಬಾಯಿಗಿಟ್ಟೆ. ಬೇಳೆಯ ರುಚಿ ಬೇಳೆಗಿತ್ತು, ಮೆಣಸಿನ ರುಚಿ ಮೆಣಸಿಗಿತ್ತು. ಎರಡು ವರ್ಷ ನಾನು ಅವನಿಗೆ ಇದನ್ನೆಲ್ಲ ಮುಚ್ಚಿಟ್ಟು ಬಡಿಸಿದ್ದೆ.

ಸಂಕಮ್ಮ ಸೌಟು ಹಿಡಿದುಕೊಂಡು ಬಂದು ಎಲೆಯ ಮುಂದೆ ನಿಂತರು. ಒಂಬತ್ತು ತಿಂಗಳಿನಿಂದ ನನ್ನ ಬಾಯಲ್ಲಿ ಏನು ಬರುತ್ತದೆಂದು ಅವರಿಗೆ ಗೊತ್ತಿದ್ದುದರಿಂದ, ಕೇಳದೆ ಸುಮ್ಮನೆ ನೋಡಿದರು.

"ಹಾಕಿ" ಅಂದೆ.